ಸ್ಮೃತಿಯ ವಿಕ್ರಯ

ಬೌದ್ಧರ ಧ್ಯಾನಮಾರ್ಗವು ಪಾಶ್ಚಾತ್ಯರ ಕೈಗೆ ಬಿದ್ದು ಕೆಟ್ಟಿತೆಂದು ನಮ್ಮ ವಿದ್ವಾಂಸರಲ್ಲಿ ಕೆಲವರು ಮರುಗುವುದುಂಟು. ಕಾಷಾಯವಿಲ್ಲದೆ, ವಿಹಾರವಿಲ್ಲದೆ, ಕುರ್ಚಿಯ ಮೇಲೆ ಕುಳಿತು ಉಸಿರನ್ನು ಗಮನಿಸಿದರೆ ಅದು ಧ್ಯಾನವಾದೀತೆ ಎಂಬುದು ಅವರ ಆಕ್ಷೇಪ. ಇದು ನಿಲ್ಲತಕ್ಕ ಆಕ್ಷೇಪವಲ್ಲ. ಕುರ್ಚಿಗಾಗಿ ಜಗಳವಾಡುತ್ತಿರುವಾಗ ನಿಜವಾದ ದೋಷವು ಹಿತ್ತಲ ಬಾಗಿಲಿನಿಂದ ನುಣುಚಿಕೊಂಡು ಹೋಗುತ್ತಿದೆ.

ನಮ್ಮ ಕಾಲದಲ್ಲಿ ಧ್ಯಾನವನ್ನು ಗೃಹಸ್ಥರ ಮನೆಬಾಗಿಲಿಗೆ ತಂದವರು ಅಮೆರಿಕದವರಲ್ಲ. 1885ರಲ್ಲಿ ಬ್ರಹ್ಮದೇಶದ, ಎಂದರೆ ಈಗಿನ ಮ್ಯಾನ್ಮಾರಿನ, ಕೊನೆಯ ಅರಸನಾದ ಥೀಬಾ ಆಂಗ್ಲರಿಗೆ ಸೆರೆಸಿಕ್ಕನು. ಧರ್ಮಕ್ಕೆ ರಾಜಾಶ್ರಯವು ತಪ್ಪಿದ ಆ ಕಾಲದಲ್ಲಿ ಲೆಡಿ ಸಯಾಡೊ ಎಂಬ ಭಿಕ್ಷುಗಳು ಅಭಿಧರ್ಮವನ್ನೂ ವಿಪಶ್ಯನೆಯನ್ನೂ ಸಾಮಾನ್ಯ ಜನರಿಗೆ ಬೋಧಿಸಿದರು. ಅವರ ಶಿಷ್ಯರಾದ ಸಯಾ ಥೆಟ್‌ಜಿ ಬೇಸಾಯಗಾರರು. ಇವರ ಶಿಷ್ಯರಾದ ಊ ಬಾ ಖಿನ್ ಸರ್ಕಾರದ ಲೆಕ್ಕಪತ್ರದ ಅಧಿಕಾರಿಗಳು. 1948ರಲ್ಲಿ ಸ್ವತಂತ್ರ ಬ್ರಹ್ಮದೇಶದ ಮೊದಲ ಅಕೌಂಟೆಂಟ್ ಜನರಲ್ ಆದವರು. ತಮ್ಮ ಕಚೇರಿಯ ನೌಕರರಿಗೇ ಧ್ಯಾನವನ್ನು ಕಲಿಸಿದವರು. ಮಾರ್ಪಾಟೇ ಪಾಪವಾದರೆ ಆ ಪಾಪವು ರಂಗೂನಿನಲ್ಲಿಯೇ ನಡೆದುಹೋಯಿತೆನ್ನಬೇಕು.

ಆದರೆ ಆ ಲೆಕ್ಕಾಧಿಕಾರಿಗಳು ಒಂದು ಗೆರೆಯನ್ನು ದಾಟಲಿಲ್ಲ. 1955ರಲ್ಲಿ ಸತ್ಯನಾರಾಯಣ ಗೋಯೆಂಕಾ ಎಂಬ ವರ್ತಕರು ತೀವ್ರವಾದ ತಲೆಶೂಲೆಯ ಪರಿಹಾರಕ್ಕೆಂದು ಅವರಲ್ಲಿಗೆ ಹೋದರು. ಬರಿಯ ತಲೆನೋವಿಗಾಗಿ ಬಂದಿರುವುದಾದರೆ ತಾವು ಕಲಿಸುವುದಿಲ್ಲ, ಧರ್ಮದ ಬೆಲೆಯನ್ನು ಅಷ್ಟು ಇಳಿಸಕೂಡದು ಎಂದು ಗುರುಗಳು ಹೇಳಿದರಂತೆ. ಇದನ್ನು ಗೋಯೆಂಕಾ ಅವರೇ ಅನೇಕ ಸಲ ಹೇಳಿಕೊಂಡಿದ್ದಾರೆ. ನೋವು ಹೋದರೆ ಸಂತೋಷ. ಆದರೆ ಅದು ಉಪಫಲ ಮಾತ್ರ.

1979ರಲ್ಲಿ ಅಮೆರಿಕದ ಮಸಾಚುಸೆಟ್ಸ್ ಸಂಸ್ಥಾನದ ವೂಸ್ಟರ್ ಪಟ್ಟಣದ ವೈದ್ಯಶಾಲೆಯಲ್ಲಿ ಜಾನ್ ಕಬಾಟ್-ಜಿನ್ ಎಂಬವರು ಉಪಫಲವನ್ನೇ ಮುಖ್ಯಫಲವನ್ನಾಗಿ ಮಾಡಿದರು. 8 ವಾರಗಳ ಶಿಕ್ಷಣ. ಬುದ್ಧನ ಹೆಸರು ಮುಂದೆ ಬಾರದಂತೆ ಬುದ್ಧಿಪೂರ್ವಕವಾಗಿ ಎಚ್ಚರ. ರೋಗಿಗಳಿಗೆ ಇದರಿಂದ ಉಪಶಮನವಾದುದು ಸುಳ್ಳಲ್ಲ. ಮರಳಿ ಮರಳಿ ಬರುವ ಖಿನ್ನತೆಗೆ ಇದರಿಂದ ಹುಟ್ಟಿದ ಚಿಕಿತ್ಸೆಯೊಂದನ್ನು ಇಂಗ್ಲೆಂಡಿನ ಆರೋಗ್ಯ ಸಂಸ್ಥೆಯು 2004ರಲ್ಲಿ ಶಿಫಾರಸು ಮಾಡಿದೆ. ಇದನ್ನು ಹೀಯಾಳಿಸುವವರ ಪಂಕ್ತಿಯಲ್ಲಿ ನಾವು ಕೂಡುವುದಿಲ್ಲ. ನಮ್ಮ ತಕರಾರು ಆ ಚಿಕಿತ್ಸೆಗೆ ಇಟ್ಟ ಹೆಸರಿನ ಮೇಲೆ.

ಪಾಲಿಯ ‘ಸತಿ’ (ಕನ್ನಡಿಗರು ಗೃಹಿಣಿಯನ್ನು ನೆನೆಯಬೇಕಾದುದಿಲ್ಲ) ಸಂಸ್ಕೃತದ ‘ಸ್ಮೃತಿ’ಯೇ. ರೀಸ್ ಡೇವಿಡ್ಸ್ ಪಂಡಿತರು 1881ರಲ್ಲಿ ಅದನ್ನು ‘ಮೈಂಡ್‌ಫುಲ್‌ನೆಸ್’ ಎಂದು ಆಂಗ್ಲಕ್ಕೆ ತಂದರು. ಇದು ಕುಶಲ, ಇದು ಅಕುಶಲ ಎಂದು ನೆನಪಿಗೆ ತರುವುದೇ ಅದರ ಕೆಲಸವೆಂದು ಮಿಲಿಂದಪ್ರಶ್ನದಲ್ಲಿ ನಾಗಸೇನರು ಅರಸನಿಗೆ ತಿಳಿಸುತ್ತಾರೆ. ಕಬಾಟ್-ಜಿನ್ನರ ಲಕ್ಷಣವಾದರೋ, ಒಳಿತು ಕೆಡುಕೆಂದು ತೂಗದೆ ಈ ಕ್ಷಣದಲ್ಲಿ ಮನಸ್ಸಿಡತಕ್ಕುದು ಎನ್ನುತ್ತದೆ. ನೋವಿನಿಂದ ಕಂಗೆಟ್ಟವನಿಗೆ ಹಿತವಾದ ಮಾತೇ. ಆದರೆ ವಿವೇಚನೆಯೇ ಜೀವವಾಗಿರುವ ಶಬ್ದವನ್ನು ವಿವೇಚನೆಯ ವಿರಾಮವೆಂದು ಹೇಳಿ ನೂರಾರು ಡಾಲರುಗಳಿಗೆ ಮಾರುವುದು ಅರ್ಥಾಂತರವಲ್ಲ, ಅರ್ಥಾಪಹಾರ. ಈಗಂತೂ ತಿಂಗಳ ಚಂದಾ ಕಟ್ಟಿದರೆ ಮೊಬೈಲಿನಲ್ಲಿಯೇ ದೊರೆಯುತ್ತದೆ.

ಅಷ್ಟಾಂಗಮಾರ್ಗದಲ್ಲಿ ಸಮ್ಯಕ್ ಸ್ಮೃತಿಯು ಏಳನೆಯದು. ಐದನೆಯದು ಸಮ್ಯಕ್ ಆಜೀವ. ಆಯುಧ, ಪ್ರಾಣಿ, ಮಾಂಸ, ಮದ್ಯ, ವಿಷ ಇವುಗಳ ವ್ಯಾಪಾರವನ್ನು ಉಪಾಸಕನು ಮಾಡಕೂಡದೆಂದು ಅಂಗುತ್ತರ ನಿಕಾಯವು ಸ್ಪಷ್ಟವಾಗಿ ವಿಧಿಸಿದೆ. ಐದನೆಯದನ್ನು ಕಳಚಿಟ್ಟು ಏಳನೆಯದನ್ನು ಮಾತ್ರ ಕಲಿಸಿದರೆ ಏನಾಗುವುದೆಂಬುದಕ್ಕೆ ದೃಷ್ಟಾಂತವನ್ನು ಹುಡುಕಬೇಕಾಗಿಲ್ಲ: 2008ರಲ್ಲಿ, ಯುದ್ಧಭೂಮಿಗೆ ಹೊರಡಲಿದ್ದ ಅಮೆರಿಕದ ಮೆರೀನ್ ಸೈನಿಕರಿಗೆ ಇದೇ ಹೆಸರಿನ ತರಬೇತಿಯನ್ನು ಕೊಟ್ಟರು. ಸೈನಿಕನ ಮನಸ್ಸಿಗೆ ಶಾಂತಿಯು ಬೇಡವೆನ್ನುವಷ್ಟು ಕಠಿನರು ನಾವಲ್ಲ. ಅವನ ಕೈಯಲ್ಲಿರುವ ಕೋವಿಯ ವಿಷಯದಲ್ಲಿ ಬಾಯಿಬಿಡದ ಸ್ಮೃತಿಯು ಯಾವುದನ್ನು ಸ್ಮರಿಸುವುದೆಂದು ಮಾತ್ರ ಕೇಳುತ್ತೇವೆ.

ಪಶ್ಚಿಮದ ನೆಲವೇ ಅಂತಹುದು, ಶೀಲವೆಂದರೆ ಅಲ್ಲಿ ಯಾರೂ ಕೇಳರು, ಪುಕ್ಕಟೆಯದನ್ನು ಯಾರೂ ಮುಟ್ಟರು ಎಂದು ಮಾರುವವರು ಸಮಾಧಾನ ಹೇಳುತ್ತಾರೆ. ವೂಸ್ಟರ್ ಇರುವ ಅದೇ ಸಂಸ್ಥಾನದ ಶೆಲ್‌ಬರ್ನಿನಲ್ಲಿ 1982ರಿಂದ ಗೋಯೆಂಕಾ ಅವರ ಪದ್ಧತಿಯ ಕೇಂದ್ರವು ನಡೆಯುತ್ತಿದೆ. ಪಂಚಶೀಲವನ್ನು ಸ್ವೀಕರಿಸಿದ ಹೊರತು ಅಲ್ಲಿ ಪಾಠವಿಲ್ಲ. 10 ದಿನಗಳ ಊಟ ವಸತಿಗಳಿಗೆ ಶುಲ್ಕವಿಲ್ಲ. ಹಿಂದೆ ಕಲಿತು ಹೋದವರ ದಾನವೇ ಆಧಾರ.

ಇಂಗ್ಲೆಂಡಿನ ಸಂಗತಿಯು ಇನ್ನೂ ಸ್ವಾರಸ್ಯವಾದುದು. 1977ರಲ್ಲಿ ಥಾಯ್ ದೇಶದ ಅಜಾನ್ ಚಾ ತಮ್ಮ ಅಮೆರಿಕನ್ ಶಿಷ್ಯರಾದ ಸುಮೇಧೋ ಮೊದಲಾದವರನ್ನು ಲಂಡನ್ನಿನ ಹ್ಯಾಂಪ್‌ಸ್ಟೆಡ್ಡಿನಲ್ಲಿ ನಿಲ್ಲಿಸಿ, ಪ್ರತಿದಿನವೂ ಭಿಕ್ಷೆಗೆ ಹೊರಡಿರೆಂದು ವಿಧಿಸಿ ಹೋದರು. ಪಾತ್ರೆಗೆ ಏನನ್ನು ಹಾಕಬೇಕೆಂಬುದನ್ನೇ ಅರಿಯದ ಊರು. ಆದರೂ ಭಿಕ್ಷುಗಳು ದಿನವೂ ಹೊರಟರು. ಒಂದು ದಿನ ಬಯಲಿನಲ್ಲಿ ಓಡಲು ಬಂದಿದ್ದ ಗೃಹಸ್ಥನೊಬ್ಬನು ಇವರಾರೆಂದು ವಿಚಾರಿಸಿದನು. ಆತನಿಗೆ ಸಸೆಕ್ಸ್ ಪ್ರಾಂತದಲ್ಲಿ ಹ್ಯಾಮರ್ ವುಡ್ ಎಂಬ ಕಾಡಿತ್ತು. ಅದನ್ನು ಆತನು ಸಂಘಕ್ಕೆ ದಾನವಾಗಿ ಕೊಟ್ಟನು. 1979ರಲ್ಲಿ, ವೂಸ್ಟರಿನ ಶಿಕ್ಷಣವು ಮೊದಲಾದ ವರ್ಷದಲ್ಲಿಯೇ, ಅದರ ಮಗ್ಗುಲಿನ ಚಿತ್‌ಹರ್ಸ್ಟಿನಲ್ಲಿ ವಿಹಾರವು ಆರಂಭವಾಯಿತು. ಅಲ್ಲಿಯ ಭಿಕ್ಷುಗಳು ಇಂದಿಗೂ ಹಣವನ್ನು ಕೈಯಿಂದ ಮುಟ್ಟುವುದಿಲ್ಲ. ಯಾರಾದರೂ ತಂದು ಕೊಟ್ಟುದನ್ನು ಉಣ್ಣುತ್ತಾರೆ.