ಚಾರ್ಜರ್ ಮೇಲಿನ ‘ಸಿಇ’ ಎಂದರೆ ‘ಚೈನಾ ಎಕ್ಸ್‌ಪೋರ್ಟ್’ ಅಂತೆ, ನಿಜವೇ?

ಎರಡು ಚಾರ್ಜರ್‌ಗಳ ಫೋಟೊ. ಎರಡರ ಮೇಲೂ ‘ಸಿಇ’ ಎಂಬ ಇಂಗ್ಲಿಷ್ ಅಕ್ಷರಗಳು. ಅಕ್ಷರಗಳ ನಡುವೆ ಜಾಗವಿದ್ದರೆ ಅಸಲಿ ಯುರೋಪಿಯನ್ ಗುರುತು, ಅಂಟಿಕೊಂಡಿದ್ದರೆ ‘ಚೈನಾ ಎಕ್ಸ್‌ಪೋರ್ಟ್’, ಕೊಳ್ಳಬೇಡಿ, ಎಲ್ಲರಿಗೂ ಕಳುಹಿಸಿ! ಈ ಫಾರ್ವರ್ಡ್ ನಿಮಗೂ ಬಂದಿರಬಹುದು.

‘ಚೈನಾ ಎಕ್ಸ್‌ಪೋರ್ಟ್’ ಎಂಬ ಗುರುತೇ ಇಲ್ಲ. ಯುರೋಪಿಯನ್ ಸಂಸತ್ತಿನ ಸದಸ್ಯರೊಬ್ಬರು ಇದೇ ಪ್ರಶ್ನೆ ಕೇಳಿದಾಗ, ಅಂಥ ಗುರುತು ಇರುವುದು ತನಗೆ ಗೊತ್ತಿಲ್ಲ, ಅವು ಅಳತೆ ತಪ್ಪಿದ ಸಿಇ ಗುರುತುಗಳಷ್ಟೇ ಎಂದು ಯುರೋಪಿಯನ್ ಆಯೋಗ 2008ರಲ್ಲಿ ಉತ್ತರಿಸಿತು. ಅಕ್ಷರಗಳ ನಡುವೆ ಅಂತರವಿರಬೇಕು ಎಂಬ ನಿಯಮವೇನೋ ಇದೆ. ಆದರೆ ನಕಲಿ ಮಾಡುವವನಿಗೆ ಸರಿಯಾದ ಅಂತರ ಬಿಟ್ಟು ಪ್ರಿಂಟ್ ಮಾಡುವುದು ಕಷ್ಟದ ಕೆಲಸವೇ?

ಹಾಗಾದರೆ ಈ ಗುರುತು ಹಾಕುವವರು ಯಾರು? ಸರ್ಕಾರ ಎಂದುಕೊಂಡಿದ್ದರೆ ಅದು ತಪ್ಪು. ತಯಾರಕರೇ ಹಾಕುತ್ತಾರೆ. ಮೊಬೈಲ್, ವೈಫೈ ರೂಟರ್, ಬ್ಲೂಟೂತ್ ಇಯರ್‌ಫೋನ್‌ಗಳಿಗೆ ಯುರೋಪಿನಲ್ಲಿ 2014ರ ರೇಡಿಯೊ ಉಪಕರಣ ನಿರ್ದೇಶನ ಅನ್ವಯಿಸುತ್ತದೆ. ಅದು ಮುಖ್ಯವಾಗಿ ನೋಡುವುದು ಮೂರು ವಿಷಯ: ಬಳಸುವವರಿಗೆ ಸುರಕ್ಷಿತವೇ, ಪಕ್ಕದ ಉಪಕರಣಗಳಿಗೆ ತೊಂದರೆ ಕೊಡುತ್ತದೆಯೇ, ತರಂಗಾಂತರವನ್ನು ಸರಿಯಾಗಿ ಬಳಸುತ್ತದೆಯೇ. ಕಂಪನಿ ಪರೀಕ್ಷೆ ಮಾಡಿಸಿ, ದಾಖಲೆಗಳನ್ನು 10 ವರ್ಷ ಇಟ್ಟುಕೊಂಡು, ‘ನಿಯಮ ಪಾಲಿಸಿದ್ದೇವೆ’ ಎಂಬ ಘೋಷಣೆಗೆ ಸಹಿ ಹಾಕಬೇಕು. ಯುರೋಪ್ ಒಪ್ಪಿದ ಮಾನದಂಡಗಳನ್ನು ಪೂರ್ತಿ ಪಾಲಿಸಿದ್ದರೆ ಹೊರಗಿನ ಸಂಸ್ಥೆಯ ಒಪ್ಪಿಗೆಯೂ ಬೇಕಿಲ್ಲ. ಚೀನಾದಲ್ಲೇ ತಯಾರಾದ ಫೋನ್‌ಗೂ ಹೀಗೆ ಕಾನೂನುಬದ್ಧವಾಗಿ ಸಿಇ ಗುರುತು ಸಿಗುತ್ತದೆ.

ಅಮೆರಿಕದ ದಾರಿ ಬೇರೆ. ಅಲ್ಲಿ ಮೊಬೈಲ್‌ಗೆ ತಯಾರಕರ ಮಾತಷ್ಟೇ ಸಾಲದು. ಮಾನ್ಯತೆ ಪಡೆದ ಲ್ಯಾಬ್‌ನಲ್ಲಿ ಪರೀಕ್ಷೆಯಾಗಿ, ಅಲ್ಲಿನ ದೂರಸಂಪರ್ಕ ಆಯೋಗವಾದ ಎಫ್‌ಸಿಸಿ ಗುರುತಿಸಿದ ಸಂಸ್ಥೆಯಿಂದ ಪ್ರಮಾಣಪತ್ರ ಬರಬೇಕು. ‘ಎಫ್‌ಸಿಸಿ ಐಡಿ’ಯನ್ನು ಆಯೋಗದ ವೆಬ್‌ಸೈಟ್‌ನಲ್ಲಿ ಹಾಕಿದರೆ ಪರೀಕ್ಷಾ ವರದಿಗಳನ್ನು ಯಾರು ಬೇಕಾದರೂ ನೋಡಬಹುದು. ನಮಗೆ ಇಷ್ಟವಾದ ವ್ಯವಸ್ಥೆ ಇದು.

ಒಂದು ಕಡೆ ಪಾಸಾದ ಫೋನ್ ಇನ್ನೊಂದು ಕಡೆ ಮತ್ತೆ ಪರೀಕ್ಷೆ ಬರೆಯುವುದೇಕೆ? ಅಳತೆಯೇ ಬೇರೆ ಇರುವುದರಿಂದ. ದೇಹ ಹೀರುವ ರೇಡಿಯೊ ಶಕ್ತಿಯ (‘ಸಾರ್’) ಮಿತಿ ಅಮೆರಿಕದಲ್ಲೂ ಭಾರತದಲ್ಲೂ ಕಿಲೋಗೆ 1.6 ವ್ಯಾಟ್, 1 ಗ್ರಾಂ ಅಂಗಾಂಶದ ಸರಾಸರಿಯಲ್ಲಿ. ಯುರೋಪಿನಲ್ಲಿ ತಲೆ ಮತ್ತು ಮುಂಡಕ್ಕೆ 2 ವ್ಯಾಟ್, ಸರಾಸರಿ ಮಾತ್ರ 10 ಗ್ರಾಂನಲ್ಲಿ.

ಒಮ್ಮೆ ಮಾರುಕಟ್ಟೆಗೆ ಬಂದ ಮೇಲೂ ತಪಾಸಣೆ ಮುಗಿಯುವುದಿಲ್ಲ. 2020ರಲ್ಲಿ ಬಂದ ಐಫೋನ್ 12ರ ಮಾರಾಟವನ್ನು ಫ್ರಾನ್ಸಿನ ತರಂಗಾಂತರ ಸಂಸ್ಥೆ ಎಎನ್‌ಎಫ್‌ಆರ್ 2023ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿತು. ಕೈಯಲ್ಲಿ ಹಿಡಿದಾಗ, ಪ್ಯಾಂಟ್ ಜೇಬಿನಲ್ಲಿಟ್ಟಾಗ ಅನ್ವಯಿಸುವ ಮಿತಿ 4 ವ್ಯಾಟ್. ಅಳತೆಯಲ್ಲಿ ಸಿಕ್ಕಿದ್ದು 5.74. ಆಪಲ್ ಇದನ್ನು ಒಪ್ಪಲಿಲ್ಲ, ಆದರೂ ಫ್ರಾನ್ಸ್‌ಗಾಗಿ ಸಾಫ್ಟ್‌ವೇರ್ ಅಪ್‌ಡೇಟ್ ಕೊಟ್ಟಿತು. (ಇದರಿಂದ ಕ್ಯಾನ್ಸರ್ ಬರುತ್ತದೆಂದು ಇನ್ನೊಂದು ಫಾರ್ವರ್ಡ್ ಮಾಡಬೇಡಿ. ಈ ಮಿತಿಗಳನ್ನು ಹಾನಿಯ ಮಟ್ಟಕ್ಕಿಂತ ಬಹಳ ಕೆಳಗೆ ಇಟ್ಟಿರುತ್ತಾರೆ.)

ಇನ್ನು ನಮ್ಮೂರಿನ ಅಂಗಡಿಯಲ್ಲಿ ಕೊಳ್ಳುವ ಚಾರ್ಜರ್? ಭಾರತದಲ್ಲಿ ಮಾರಲು ಸಿಇ ಗುರುತು ಲೆಕ್ಕಕ್ಕೇ ಇಲ್ಲ. ಇಲ್ಲಿ ಬೇಕಿರುವುದು ಬಿಐಎಸ್ ನೋಂದಣಿ. ಚಾರ್ಜರ್ ಮೇಲೆ ಇಂಗ್ಲಿಷಿನ ‘ಆರ್’ ಅಕ್ಷರ, ಅಡ್ಡಗೆರೆ, ನಂತರ 8 ಅಂಕಿಗಳ ಸಂಖ್ಯೆ ಇರುತ್ತದೆ. ಅದನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ. ತಯಾರಕರ ಹೆಸರು, ಉತ್ಪನ್ನ ತೋರಿಸುತ್ತದೆ. ಕೈಯಲ್ಲಿರುವ ಚಾರ್ಜರ್‌ಗೆ ಅದು ಹೊಂದದಿದ್ದರೆ ಅಂಗಡಿಯವರನ್ನು ಕೇಳಿ, ವಾಪಸ್ ಕೊಡಿ. ಗಲ್ಫ್‌ನಿಂದ ಅಣ್ಣನೋ ಮಾವನೋ ತಂದುಕೊಟ್ಟದ್ದರ ಮೇಲೆ ಈ ಸಂಖ್ಯೆ ಇಲ್ಲದಿರಬಹುದು. ಅದು ಇಲ್ಲಿನ ಮಾರಾಟಕ್ಕೆ ತಯಾರಾದದ್ದಲ್ಲ, ಅಷ್ಟಕ್ಕೇ ನಕಲಿ ಎನ್ನುವಂತಿಲ್ಲ.