ನೆಲ ಉಬ್ಬಿದರೆ ಅಂಗಡಿ ಮುಚ್ಚಬೇಕೆ?

ಇಟಲಿಯ ನೇಪಲ್ಸ್ ಪಕ್ಕದಲ್ಲಿ ಪೊಜ್ಜುವೋಲಿ ಅಂತ ಒಂದು ಬಂದರು ಊರಿದೆ. ಹಳೇ ಜ್ವಾಲಾಮುಖಿಯ ಬಾಯೊಳಗೇ ಕಟ್ಟಿಕೊಂಡ ಊರು. ಅಲ್ಲಿ ಭೂಕಂಪ ಒಂಟಿಯಾಗಿ ಬರೋದಿಲ್ಲ, ಹಿಂಡು ಹಿಂಡಾಗಿ ಬರುತ್ತದೆ. ಜೊತೆಗೆ ನೆಲವೇ ಮೇಲಕ್ಕೇಳುತ್ತದೆ. 2005ರಿಂದ 2025ರ ಹೊತ್ತಿಗೆ ಊರ ನಡುಭಾಗ ಸುಮಾರು 1.4 ಮೀಟರ್ ಎದ್ದಿದೆ. ಬಂದರಿನಲ್ಲಿ ನೀರು ತಗ್ಗಿ ದೋಣಿಗಳು ಕೆಸರಲ್ಲಿ ಕೂತಿವೆ.

ಇದನ್ನು ಅಳೆಯೋದು ಹೇಗೆ? ಅಲ್ಲಿನ ಮೊದಲ ಅಳತೆಗೋಲು ರೋಮನ್ನರ ಕಾಲದ ಮಾರುಕಟ್ಟೆಯ ಮೂರು ಕಂಬಗಳು. ಆಳೆತ್ತರಕ್ಕೂ ಮೇಲೆ ಸಮುದ್ರದ ಚಿಪ್ಪುಜೀವಿಗಳು ಕೊರೆದ ತೂತುಗಳಿವೆ. ಮಾರುಕಟ್ಟೆ ಮುಳುಗಿ ಮತ್ತೆ ಎದ್ದಿತ್ತು ಎನ್ನಲು ಬೇರೆ ಸಾಕ್ಷಿ ಬೇಕೆ? ಈಗ ಊರ ತುಂಬ ಜಿ.ಪಿ.ಎಸ್. ಯಂತ್ರಗಳಿವೆ. ನೆಲ ಯಾವ ಕಡೆ ವಾಲಿತು ಎಂದು ಇನ್ನೊಂದು ಯಂತ್ರ ಹೇಳುತ್ತದೆ. ಉಪಗ್ರಹದ ರಾಡಾರ್ ಬೇರೆ ಬೇರೆ ದಿನದ ಚಿತ್ರ ಹೋಲಿಸಿ ಎಲ್ಲೆಲ್ಲಿ ಎಷ್ಟು ಉಬ್ಬಿತೆಂದು ತೋರಿಸುತ್ತದೆ.

ಅಳತೆಯೇನೋ ಸಿಕ್ಕಿತು. ಮುಂದೇನು? ಕಷ್ಟ ಇರೋದು ಇಲ್ಲೇ. 1538ರಲ್ಲಿ ನೆಲ ಉಬ್ಬಿದ ಮೇಲೆ ಬೆಂಕಿ ಕಾರಿ, ಕೆಲವೇ ದಿನದಲ್ಲಿ ಹೊಸ ಗುಡ್ಡವೇ ಎದ್ದಿತು. 1982ರಿಂದ 1984ರವರೆಗೂ ನೆಲ ಸುಮಾರು 1.8 ಮೀಟರ್ ಎದ್ದಿತು, ಗೋಡೆಗಳು ಬಿರುಕು ಬಿಟ್ಟವು. ಸುಮಾರು 40,000 ಜನರನ್ನು ಸ್ಥಳಾಂತರಿಸಿದರು. ಬೆಂಕಿ ಮಾತ್ರ ಬರಲಿಲ್ಲ. ನೆಲ ತಣ್ಣಗೆ ಇಳಿಯತೊಡಗಿತು. ಗುರುತು ಒಂದೇ, ಫಲ ಎರಡು. ವ್ಯಾಪಾರ ಬಿಟ್ಟು ಹೋದವನು ಯಾರನ್ನು ಕೇಳಬೇಕು?

ಹಾಗಂತ ಅಳತೆ ದಂಡ ಅನ್ನೋದು ತಪ್ಪು. 2025ರ ಫೆಬ್ರವರಿ ನಡುವಿನಲ್ಲಿ ಉಬ್ಬುವ ವೇಗ ತಿಂಗಳಿಗೆ 1 ಸೆಂಟಿಮೀಟರಿನಿಂದ ಸುಮಾರು 3ಕ್ಕೆ ಏರಿತು. ಮಾರ್ಚ್ 13ರ ನಡುರಾತ್ರಿ 4.6 ಪ್ರಮಾಣದ ಕಂಪನವಾಯಿತು. ಯಂತ್ರ ತಾರೀಖು ಹೇಳಲಿಲ್ಲ ನಿಜ. ವೇಗ ಹೆಚ್ಚಿದೆ ಅಂತ ಹೇಳಿತ್ತು. ಯಾವ ಹಳೇ ಕಟ್ಟಡ ಪರೀಕ್ಷಿಸಬೇಕು, ಯಾವ ರಸ್ತೆ ತೆರವಾಗಿರಬೇಕು ಅನ್ನೋದಕ್ಕೆ ಅಷ್ಟು ಸಾಕು.

1841ರಲ್ಲಿ ಸ್ಥಾಪನೆಯಾದ ವೆಸೂವಿಯಸ್ ವೀಕ್ಷಣಾಲಯ ಈ ಅಂಕಿಗಳನ್ನು ವಾರವಾರವೂ ಪ್ರಕಟಿಸುತ್ತದೆ. ಪೊಜ್ಜುವೋಲಿಯಿಂದ ಕಲಿಯಬೇಕಾದದ್ದು ಇದನ್ನೇ. ಅಂಕಿ ಕಚೇರಿಯ ಬೀರುವಿನಲ್ಲಿದ್ದರೆ ಊರಲ್ಲಿ ಗಾಳಿಸುದ್ದಿ ಹಬ್ಬುತ್ತದೆ. ಜನರ ಕೈಗೆ ಬಂದರೆ, ಬಾಗಿಲು ಯಾವಾಗ ಎಳೆಯಬೇಕೆಂದು ಅಂಗಡಿಯವನೇ ಲೆಕ್ಕ ಹಾಕುತ್ತಾನೆ.