ಮದುವೆಯಾಗಿ ಬಂದವಳ ಹೆಸರು ಯಾವ ಕಾರ್ಡಿನಲ್ಲಿ?

ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ 2022ರ ಜೂನ್‌ನಲ್ಲಿ ಆರಂಭವಾದ ಮೇಲೆ ಹೌರಾ, ದಾನಾಪುರ, ಗುವಾಹಟಿ ಕಡೆಯ ರೈಲುಗಳು ಅಲ್ಲಿಗೆ ಬರುತ್ತಿವೆ. ಮಂಗಳೂರು, ಉಡುಪಿ, ಕುಂದಾಪುರದ ನಮ್ಮವರು ಹತ್ತುವ ಮುರ್ಡೇಶ್ವರದ ರೈಲು ಕೂಡ ಕೊನೆಗೆ ನಿಲ್ಲುವುದು ಅಲ್ಲಿಯೇ. ಉದ್ಯೋಗವನ್ನರಸಿ ಬಂದವರಲ್ಲಿ ಅನೇಕರು ಕೆ.ಆರ್. ಪುರ, ಹಲಸೂರು, ಇಂದಿರಾನಗರದ ಹಿಂಬದಿಯ ಗಲ್ಲಿಗಳಲ್ಲಿ ಬಾಡಿಗೆ ಕೋಣೆ ಹಿಡಿಯುತ್ತಾರೆ. ಮೊದಲು ಗಂಡಸು ಬರುತ್ತಾನೆ. ಒಂದೆರಡು ವರ್ಷದಲ್ಲಿ ಮದುವೆ, ಆಮೇಲೆ ಹೆಂಡತಿ. ಅವಳು ಕಾಯಿಲೆ ಬಿದ್ದಾಗ ಆಸ್ಪತ್ರೆಯ ಕೌಂಟರಿನಲ್ಲಿ ಕೇಳುವ ಮೊದಲ ಪ್ರಶ್ನೆ, ‘ರೇಶನ್ ಕಾರ್ಡ್‌ನಲ್ಲಿ ಹೆಸರು ಇದೆಯಾ?’

ಈ ಪ್ರಶ್ನೆ ಎಷ್ಟು ಮಂದಿಯನ್ನು ಸಾಲಕ್ಕೆ ದೂಡುತ್ತದೆ ಎಂಬುದನ್ನು ನಮ್ಮ ಧರ್ಮಕೇಂದ್ರಗಳಲ್ಲಿ ಆರೋಗ್ಯ ಸೇವೆಯ ಕೆಲಸ ಮಾಡುವವರಿಗೆ ಹೇಳಬೇಕಾಗಿಲ್ಲ. ಆದರೆ ತೊಡಕು ಎಲ್ಲಿದೆ ಎಂಬುದರ ಬಗ್ಗೆ ತಪ್ಪು ತಿಳುವಳಿಕೆ ಬಹಳ ಇದೆ. ‘ಹೊರಗಿನವರಿಗೆ ಇಲ್ಲಿ ಸೌಲಭ್ಯವಿಲ್ಲ’ ಎಂದು ಹೇಳಿಬಿಡುವವರೇ ಹೆಚ್ಚು. ಅದು ಅರ್ಧ ಸತ್ಯ.

ಮೊದಲು ರಾಜ್ಯದ ಯೋಜನೆಯನ್ನು ನೋಡೋಣ. 2018ರ ಮಾರ್ಚ್‌ನಲ್ಲಿ ‘ಆರೋಗ್ಯ ಕರ್ನಾಟಕ’ ಆರಂಭವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ವಿಲೀನಗೊಂಡಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಡೆಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಬಿಪಿಎಲ್ ಕಾರ್ಡ್ ಇಲ್ಲದ ರಾಜ್ಯದ ನಿವಾಸಿಗೆ ‘ಸಾಮಾನ್ಯ ರೋಗಿ’ ಎಂದು ನಿಗದಿತ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಕುಟುಂಬವೊಂದಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಉಳಿದ ಶೇ. 70 ಕೈಯಿಂದ ಹೋಗಬೇಕು. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರವೂ ಬೇಕು. ಪೂರ್ವ ಬೆಂಗಳೂರಿನವರು ಅದಕ್ಕಾಗಿ ಹೋಗುವುದು ಶಿವಾಜಿನಗರದ ಬೌರಿಂಗ್, ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆ, ಕೆ.ಆರ್. ಪುರದ ಸರಕಾರಿ ಆಸ್ಪತ್ರೆಯಂಥ ಕಡೆಗೆ.

ಇಲ್ಲಿ ಗಮನಿಸಬೇಕಾದದ್ದು, ಹೆಂಡತಿಯ ಅರ್ಹತೆ ನಿಂತಿರುವುದು ಮದುವೆಯ ಮೇಲಲ್ಲ, ರೇಶನ್ ಕಾರ್ಡಿನ ಒಂದು ಸಾಲಿನ ಮೇಲೆ. ಗಂಡನ ಕಾರ್ಡಿಗೆ ಅವಳ ಹೆಸರು ಸೇರಿಸಬೇಕಾದರೆ ತವರಿನ ಕಾರ್ಡಿನಿಂದ ಮೊದಲು ತೆಗೆಸಬೇಕು. ತೆಗೆಯುವುದು ಸುಲಭ, ಸೇರಿಸುವುದು ಕಷ್ಟ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗ ತಿದ್ದುಪಡಿಗೆ ಜನ ಮುಗಿಬಿದ್ದರು. ಆಹಾರ ಇಲಾಖೆ ಕೆಲವೇ ದಿನಗಳ ಅವಕಾಶ ಕೊಡುವುದು, ಆ ದಿನಗಳಲ್ಲಿ ಸರ್ವರ್ ಕೈಕೊಡುವುದು, ಜನ ಬೆಳಿಗ್ಗೆಯಿಂದ ಸಾಲು ನಿಂತು ಬರಿಗೈಯಲ್ಲಿ ಮರಳುವುದು ನಡೆಯಿತು. 2024ರ ನವೆಂಬರ್‌ನಲ್ಲಿ ಅನರ್ಹ ಬಿಪಿಎಲ್ ಕಾರ್ಡ್ ರದ್ದತಿಯ ಗದ್ದಲವೆದ್ದು ಸರಕಾರ ಹಿಂದೆ ಸರಿಯಬೇಕಾಯಿತು. ಈ ಗೊಂದಲದ ನಡುವೆ ಮದುವೆಯಾದ ಹುಡುಗಿಯ ಹೆಸರು ತಿಂಗಳುಗಟ್ಟಲೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಹಲಸೂರು, ಶಿವಾಜಿನಗರದ ತಮಿಳು ಕುಟುಂಬಗಳಲ್ಲಿ ಇದು ಇನ್ನೂ ಸಿಕ್ಕಾಗುತ್ತದೆ. ದಂಡು ಪ್ರದೇಶದಲ್ಲಿ ತಲೆಮಾರುಗಳಿಂದ ನೆಲೆಸಿದವರು ಇವರು. ಸೊಸೆಯನ್ನು ಗಡಿಯಾಚೆಯ ಕೃಷ್ಣಗಿರಿ, ಧರ್ಮಪುರಿ, ವೆಲ್ಲೂರು ಕಡೆಯಿಂದ ತರುವುದುಂಟು. ಅವಳ ಹೆಸರು ಇರುವುದು ತಮಿಳುನಾಡಿನ ಕುಟುಂಬ ಕಾರ್ಡಿನಲ್ಲಿ. ಅಲ್ಲಿನ ಮುಖ್ಯಮಂತ್ರಿ ಆರೋಗ್ಯ ವಿಮೆಯೂ ಆ ಕಾರ್ಡನ್ನೇ ನೋಡುತ್ತದೆ. ಇಲ್ಲಿ ಸೇರಿಸಲೆಂದು ಅಲ್ಲಿ ತೆಗೆಸಿದ್ದಾರೆ ಎನ್ನಿ. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಹೆರಿಗೆಗೆ ತವರಿಗೆ ಹೋಗುತ್ತಾಳೆ. ಹೆರಿಗೆಯಲ್ಲಿ ಅಲ್ಲದೆ ಬೇರೆ ಏನಾದರೂ ದೊಡ್ಡ ತೊಂದರೆ ಕಂಡುಬಂದರೆ, ಹೃದಯದ್ದೋ ಮೂತ್ರಪಿಂಡದ್ದೋ, ತೋರಿಸಲು ಎರಡು ರಾಜ್ಯಗಳಲ್ಲೂ ಕಾರ್ಡ್ ಇರುವುದಿಲ್ಲ.

‘ಒಂದು ದೇಶ ಒಂದು ರೇಶನ್ ಕಾರ್ಡ್’ ಇದೆಯಲ್ಲ ಎಂದು ಕೆಲವರು ಕೇಳಬಹುದು. ಕರ್ನಾಟಕ 2020ರ ಜನವರಿಯಲ್ಲೇ ಅದನ್ನು ಸೇರಿತು. ಆದರೆ ಅದರಿಂದ ಸಿಗುವುದು ಧಾನ್ಯ. ಬಿಹಾರದ ಕಾರ್ಡ್ ತೋರಿಸಿ ಕೆ.ಆರ್. ಪುರದ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯಬಹುದು, ಆ ಕಾರ್ಡಿನಿಂದ ಕರ್ನಾಟಕದ ಬಿಪಿಎಲ್ ರೋಗಿ ಆಗುವುದಿಲ್ಲ. ಹೊರರಾಜ್ಯದ ಕುಟುಂಬದ ಹೆಸರು ಆಯುಷ್ಮಾನ್ ಪಟ್ಟಿಯಲ್ಲಿದ್ದರೆ ಮಾತ್ರ ಬೆಂಗಳೂರಿನ ನೋಂದಾಯಿತ ಆಸ್ಪತ್ರೆಯಲ್ಲೂ ಚಿಕಿತ್ಸೆ ಸಿಗಬೇಕು. ಆ ಪಟ್ಟಿ ಮೂಲತಃ 2011ರ ಸಾಮಾಜಿಕ ಆರ್ಥಿಕ ಗಣತಿಯದು. ಅಂದು ಹತ್ತು ವರ್ಷದ ಹುಡುಗಿಯಾಗಿದ್ದವಳು ಇಂದು ಯಾರದೋ ಮನೆಯ ಸೊಸೆ. ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬದ ಸದಸ್ಯರ ಸಂಖ್ಯೆಗೆ ಮಿತಿ ಇಲ್ಲ, ಮದುವೆ ಪ್ರಮಾಣಪತ್ರ ತೋರಿಸಿ ಸೊಸೆಯನ್ನು ಸೇರಿಸಲು ಅವಕಾಶವೂ ಇದೆ. ಇದನ್ನು ತಿಳಿದವರು ಕಡಿಮೆ.

ವಿದೇಶದಲ್ಲಿ ಮಕ್ಕಳಿರುವ ನಮ್ಮ ಓದುಗರಿಗೆ ಈ ಕಾಯುವಿಕೆ ಹೊಸತೇನಲ್ಲ. ಬ್ರಿಟನ್‌ಗೆ ಗಂಡನ ಜೊತೆ ಹೋಗುವ ಹೆಂಡತಿಗೂ ವೀಸಾ ಜೊತೆಗೇ ಆರೋಗ್ಯ ಶುಲ್ಕ ಕಟ್ಟಬೇಕು. 2024ರ ಫೆಬ್ರವರಿಯಿಂದ ಅದು ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್. ಕೆನಡಾದ ಒಂಟಾರಿಯೊದಲ್ಲಿ ಹೊಸಬರು ಮೂರು ತಿಂಗಳು ಕಾಯಬೇಕಿತ್ತು, ಕೋವಿಡ್ ಬಂದಾಗ 2020ರ ಮಾರ್ಚ್‌ನಲ್ಲಿ ಆ ನಿಯಮ ತೆಗೆದರು. ಶುಲ್ಕ ಹೆಚ್ಚೆನಿಸಬಹುದು, ಮೂರು ತಿಂಗಳು ಉದ್ದವೆನಿಸಬಹುದು, ಆದರೆ ಎಷ್ಟು ಎಂದು ಮೊದಲೇ ಗೊತ್ತಿರುತ್ತದೆ. ನಮ್ಮಲ್ಲಿ ಕಾನೂನಿನಲ್ಲಿ ಕಾಯುವ ಅವಧಿಯೇ ಇಲ್ಲ, ಆದ್ದರಿಂದ ಎಷ್ಟು ಕಾಯಬೇಕೆಂದು ಯಾರೂ ಹೇಳಲಾರರು. ಅರ್ಜಿ ಹಾಕಿದ ದಿನದಿಂದಲೇ ಹೆಂಡತಿಯನ್ನು ಆಸ್ಪತ್ರೆಯಲ್ಲಿ ಗಂಡನ ಕುಟುಂಬದವಳೆಂದು ಒಪ್ಪಿಕೊಳ್ಳಬೇಕು ಎಂಬುದು ನಮ್ಮ ಅಭಿಪ್ರಾಯ. ಅಕ್ಕಿ ಹಂಚಲು ಮಾಡಿದ ಚೀಟಿಯ ತಿದ್ದುಪಡಿ ನಿಧಾನವಾದರೆ ಅದರ ಬೆಲೆಯನ್ನು ರೋಗಿ ಏಕೆ ತೆರಬೇಕು?

ಇಎಸ್‌ಐ ಇದ್ದವರಿಗೆ ಈ ತಾಪತ್ರಯ ಕಡಿಮೆ. 1948ರ ಕಾಯ್ದೆಯಿಂದ ಹುಟ್ಟಿದ ಈ ವ್ಯವಸ್ಥೆ ಊರು, ರಾಜ್ಯ, ರೇಶನ್ ಕಾರ್ಡ್ ಯಾವುದನ್ನೂ ಕೇಳುವುದಿಲ್ಲ. ಸಂಬಳ ತಿಂಗಳಿಗೆ 21,000 ರೂಪಾಯಿಯೊಳಗಿದ್ದು, ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಯಲ್ಲಿದ್ದರೆ ಸಾಕು. ಕಾರ್ಮಿಕನಿಂದ ಶೇ. 0.75, ಮಾಲೀಕನಿಂದ ಶೇ. 3.25. ಹದಿನೈದು ಸಾವಿರ ಸಂಬಳದವನ ಪಾಲು ತಿಂಗಳಿಗೆ ನೂರ ಹದಿಮೂರು ರೂಪಾಯಿ. ಹೆಂಡತಿ ಕುಟುಂಬದ ವ್ಯಾಖ್ಯೆಯೊಳಗೇ ಬರುತ್ತಾಳೆ, ಸಾಮಾನ್ಯ ಚಿಕಿತ್ಸೆ ಕೆಲಸಕ್ಕೆ ಸೇರಿದ ದಿನದಿಂದಲೇ ಸಿಗುತ್ತದೆ. ಸೂಪರ್ ಸ್ಪೆಷಾಲಿಟಿ ಚಿಕಿತ್ಸೆಗೆ ಮಾತ್ರ ಸೇವಾವಧಿಯ ಷರತ್ತುಗಳಿವೆ. ಇಂದಿರಾನಗರದ ಅಪಾರ್ಟ್‌ಮೆಂಟಿನಲ್ಲಿ ಕಾವಲು ಕಾಯುವ ನೇಪಾಳದವನಿಗೂ ಏಜೆನ್ಸಿ ವಂತಿಗೆ ಕಟ್ಟುತ್ತಿದ್ದರೆ ಅದೇ ಹಕ್ಕು. ಇಎಸ್‌ಐ ಪೌರತ್ವ ಕೇಳುವುದಿಲ್ಲ. ಆದರೆ ಮದುವೆಯ ನಂತರ ಹೆಂಡತಿಯ ಹೆಸರನ್ನು ಕುಟುಂಬದ ವಿವರದಲ್ಲಿ ಸೇರಿಸಿರಬೇಕು. ಇದನ್ನು ಮರೆತು ಇಂದಿರಾನಗರದ ಇಎಸ್‌ಐ ಆಸ್ಪತ್ರೆಯವರೆಗೂ ಹೋಗಿ ವಾಪಸಾದರೆ ತಪ್ಪು ಆಸ್ಪತ್ರೆಯದ್ದಲ್ಲ.

ಮನೆಗೆಲಸದವರು, ರಸೆಲ್ ಮಾರುಕಟ್ಟೆಯ ಸುತ್ತ ತಳ್ಳುಗಾಡಿ ಇಟ್ಟವರು, ದಿನಗೂಲಿಗಳು ಇದರಿಂದ ಹೊರಗೆ. ಕಟ್ಟಡ ಕಾರ್ಮಿಕರಿಗೆ ಅವರದೇ ಕಲ್ಯಾಣ ಮಂಡಳಿ ಇದೆ. ವರ್ಷದಲ್ಲಿ 90 ದಿನ ದುಡಿದವರು ನೋಂದಾಯಿಸಿಕೊಳ್ಳಬಹುದು, ಅದರ ವೈದ್ಯಕೀಯ ನೆರವು ಅವಲಂಬಿತರಿಗೂ ಅನ್ವಯಿಸುತ್ತದೆ.

ಇನ್ನು ಯಾವ ಕಾರ್ಡೂ ಇಲ್ಲದ ಗರ್ಭಿಣಿಯ ಮಾತು. 2011ರ ಜೂನ್‌ನಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಎಲ್ಲರಿಗೂ ಉಚಿತ. ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲವೂ ಸೇರಿ. ಬಿಪಿಎಲ್ ಎಪಿಎಲ್ ಭೇದವಿಲ್ಲ. ಶಿವಾಜಿನಗರದ ಘೋಷಾ ಆಸ್ಪತ್ರೆಯಾಗಲಿ ಮಂಗಳೂರಿನ ಲೇಡಿಗೋಷನ್ ಆಗಲಿ, ನಿಯಮ ಒಂದೇ. ಬೇಕಾದದ್ದು ಆಶಾ ಕಾರ್ಯಕರ್ತೆಯನ್ನು ಕಂಡು ಬೇಗ ತಾಯಿ ಕಾರ್ಡ್ ಮಾಡಿಸಿಕೊಳ್ಳುವುದು. ಸಣ್ಣಪುಟ್ಟ ಕಾಯಿಲೆಗೆ 2022ರ ಡಿಸೆಂಬರ್‌ನಲ್ಲಿ ಆರಂಭವಾದ ನಮ್ಮ ಕ್ಲಿನಿಕ್‌ಗಳಿವೆ, ಅಲ್ಲಿಯೂ ಉಚಿತ.

ಕರಾವಳಿಯಿಂದ ಬೆಂಗಳೂರಿಗೆ ಮಕ್ಕಳನ್ನು ಕಳುಹಿಸುವವರಿಗೆ ಒಂದು ಮಾತು. ಕುಂದಾಪುರದ ಬಿಪಿಎಲ್ ಕಾರ್ಡ್ ಕೆ.ಆರ್. ಪುರದಲ್ಲೂ ನಡೆಯುತ್ತದೆ, ರಾಜ್ಯದೊಳಗೆ ಊರು ಬದಲಾದ ಮಾತ್ರಕ್ಕೆ ಆರೋಗ್ಯ ಸೌಲಭ್ಯ ತಪ್ಪುವುದಿಲ್ಲ. ಆದ್ದರಿಂದ ಗಂಡನ ಕಾರ್ಡಿನಲ್ಲಿ ತಿದ್ದುಪಡಿಗೆ ಅವಕಾಶ ತೆರೆದಿದೆಯೇ ಎಂದು ವಿಚಾರಿಸದೆ ಮಗಳ ಹೆಸರನ್ನು ಮನೆಯ ಕಾರ್ಡಿನಿಂದ ತೆಗೆಸಬೇಡಿ. ಮದುವೆಗೆ ಚರ್ಚ್‌ನ ಪತ್ರವೊಂದೇ ಸಾಕೆಂದು ಕೂರದೆ ನೋಂದಣಿ ಕಚೇರಿಯ ಪ್ರಮಾಣಪತ್ರವನ್ನೂ ಮಾಡಿಸಿಡಿ, ಕೆಲವು ಕೌಂಟರ್‌ಗಳಲ್ಲಿ ಅದನ್ನೇ ಕೇಳುತ್ತಾರೆ. ಮದುವೆ ತಯಾರಿಯ ಶಿಬಿರದಲ್ಲಿ ಇದಕ್ಕಾಗಿ ಹತ್ತು ನಿಮಿಷ ಮೀಸಲಿಟ್ಟರೆ ಗುರಿಕಾರರಿಗೆ ಆಮೇಲೆ ಆಸ್ಪತ್ರೆಯಿಂದ ಬರುವ ಫೋನುಗಳು ಕಡಿಮೆಯಾದಾವು.